ನೋಟದ ಋಣ

ಪ್ರವಾಸ ಮುಗಿಸಿ ಬಂದವರನ್ನು ‘ಏನೇನು ನೋಡಿದಿರಿ?’ ಎಂದು ಕೇಳುವುದು ವಾಡಿಕೆ. ‘ನೀವು ನೋಡಿದ್ದಕ್ಕೆ ಬೆಲೆ ತೆತ್ತವರು ಯಾರು?’ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅಧಿಕಪ್ರಸಂಗವೆನಿಸೀತು. ಆದರೂ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ರಾಜಸ್ಥಾನದ ಜೈಸಲ್ಮೇರಿನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಸಮ್ ಎಂಬ ಊರಿದೆ. ಎಲ್.ಟಿ.ಸಿ. ಪಡೆದು ಆ ಕಡೆ ಹೋಗುವ ನಮ್ಮಂಥ ದಿಲ್ಲಿಯ ಕುಟುಂಬಗಳು ಅಲ್ಲಿಯ ಮರಳದಿಬ್ಬದ ಮೇಲೆ ಕುಳಿತು ಸೂರ್ಯಾಸ್ತ ನೋಡದೆ ಹಿಂತಿರುಗುವುದು ಅಪರೂಪ. ಗಾಳಿ ಬರೆದ ಗೆರೆಗಳು ನೋಡನೋಡುತ್ತಲೇ ಹೊನ್ನಿನಿಂದ ಕೆಂಪಿಗೆ, ಕೆಂಪಿನಿಂದ ಬೂದಿಗೆ ತಿರುಗುತ್ತವೆ. ಎಂಥ ಮಾತಾಳಿಯೂ ಅಲ್ಲಿ ಒಂದು ಗಳಿಗೆ ಸುಮ್ಮನಾಗುತ್ತಾನೆ. ಆ ಮೌನ ಮನುಷ್ಯನಿಗೆ ಬೇಕು. ಸೌಂದರ್ಯ ಸವಿಯುವುದು ತಪ್ಪೆಂದು ನನ್ನ ವಾದವಲ್ಲ.

ಆದರೆ ಈ ದಿಬ್ಬಗಳು, 1980ರಲ್ಲಿ ರಕ್ಷಿತ ಪ್ರದೇಶವೆಂದು ಘೋಷಿತವಾದ ಮರುಭೂಮಿ ರಾಷ್ಟ್ರೀಯ ಉದ್ಯಾನದ ಒಂದು ಅಂಶ ಮಾತ್ರ. ಅದರ 3,162 ಚದರ ಕಿಲೋಮೀಟರ್ ವಿಸ್ತಾರದಲ್ಲಿ ಮರಳಿಗಿಂತ ಕಲ್ಲುನೆಲ, ಹುಲ್ಲುಗಾವಲುಗಳೇ ಹೆಚ್ಚು. ಆ ಹುಲ್ಲನ್ನು ನಂಬಿ ಬದುಕಿರುವ ಹಕ್ಕಿ ಗೋಡಾವಣ್. ನಮ್ಮ ರಾಣೆಬೆನ್ನೂರು, ಸಿರುಗುಪ್ಪದ ಬಯಲುಗಳಿಗೂ ಪರಿಚಿತವಾದ ಎರೆಭೂತವೇ ಅದು. ಗಂಡು 15 ಕಿಲೋ ತೂಗಬಹುದು. ಕಣ್ಣುಗಳು ತಲೆಯ ಪಕ್ಕಗಳಲ್ಲಿರುವುದರಿಂದ ನೇರ ಎದುರಿನ ದೃಷ್ಟಿ ಮಂದ. ಹಾರುವಾಗ ವಿದ್ಯುತ್ ತಂತಿ ಹತ್ತಿರವಾದ ಮೇಲಷ್ಟೇ ಕಾಣುತ್ತದೆ. ಅಷ್ಟು ಭಾರದ ಮೈಯನ್ನು ಆಗ ತಿರುಗಿಸುವುದು ಕಷ್ಟ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ. ಹೀಗಾಗಿ ಸತ್ತದ್ದರ ಸ್ಥಾನ ಬೇಗ ತುಂಬುವುದಿಲ್ಲ.

ಆ ತಂತಿಗಳು ಯಾರವು? ಗಾಳಿಯಂತ್ರ, ಸೌರಫಲಕಗಳ ವಿದ್ಯುತ್ತನ್ನು ನಮ್ಮಂಥ ದೂರದ ನಗರಗಳಿಗೂ ಸಾಗಿಸುವ ತಂತಿಗಳು. ಅವನ್ನು ನೆಲದಡಿಗೆ ಹಾಕಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಎಲ್ಲ ಕಡೆಯೂ ಅದು ಕಾರ್ಯಸಾಧ್ಯವಲ್ಲವೆಂದು ಸರಕಾರ ಹೇಳಿದ ಮೇಲೆ, 2024ರಲ್ಲಿ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಕಲ್ಲಿದ್ದಲಿನ ಹೊಗೆ ಕಡಿಮೆಯಾಗಬೇಕಾದರೆ ಸೂರ್ಯನ ವಿದ್ಯುತ್ತೂ ಬೇಕು. ಒಳಿತು ಕೆಡುಕುಗಳ ಜಗಳವಾದರೆ ತೀರ್ಪು ಸುಲಭ. ಇದು ಎರಡು ಒಳಿತುಗಳ ಜಗಳ.

ಇನ್ನು ಉದ್ಯಾನದೊಳಗಿನ ಹಳ್ಳಿಗರು. ರಸ್ತೆ, ನೀರು, ವಿದ್ಯುತ್ತಿಗೆ ಉದ್ಯಾನದ ನಿಯಮಗಳು ಅಡ್ಡಬರುತ್ತವೆಂಬುದು ಅವರ ಬಹುಕಾಲದ ದೂರು. ದಿಬ್ಬದ ಮೇಲೆ ನಿಂತ ಪ್ರವಾಸಿ ‘ಆಹಾ, ಇದು ಹೀಗೇ ಇರಲಿ’ ಎನ್ನುತ್ತಾನೆ. ಅವನಿಗೆ ಮರುದಿನದ ರೈಲಿಗೆ ಟಿಕೇಟು ಇದೆ. ಅಲ್ಲಿಯೇ ಬೇಸಗೆ ಕಳೆಯಬೇಕಾದವಳು ಅದೇ ಮಾತನ್ನು ಆಡಿಯಾಳೆ?

ಈ ‘ಹೀಗೇ ಇರಲಿ’ ಹೊರನಾಡಿನಲ್ಲಿರುವ ನಮಗೆ ಹೊಸದಲ್ಲ. ರಜೆಯಲ್ಲಿ ಊರಿಗೆ ಹೋದಾಗ ಹೆಂಚಿನ ಮನೆ ಇದ್ದ ಕಡೆ ತಾರಸಿ ಮನೆ ಕಂಡರೆ ‘ಊರು ಕೆಟ್ಟುಹೋಯಿತು’ ಎಂದು ನಿಟ್ಟುಸಿರು ಬಿಡುತ್ತೇವೆ. ಹದಿನೈದು ದಿನದ ನಮ್ಮ ಕಣ್ಣಿನ ತೃಪ್ತಿಗಾಗಿ ಅಣ್ಣತಮ್ಮಂದಿರು ವರ್ಷವಿಡೀ ಸೋರುವ ಮಾಡಿನ ಕೆಳಗೆ ಇರಬೇಕೆಂದು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಹಾಗೆಂದು ಯಾವುದನ್ನೂ ಉಳಿಸಬಾರದೆಂದಲ್ಲ. ಹಕ್ಕಿಗೆ ಅರ್ಜಿ ಬರೆಯಲು ಬಾರದು. ಅದರ ಪರವಾಗಿ ಯಾರಾದರೂ ಮಾತಾಡಲೇಬೇಕು. ಆದರೆ ಉಳಿಯಲಿ ಎನ್ನುವವನು ಉಳಿಸುವ ಭಾರದಲ್ಲಿ ತನ್ನ ಪಾಲನ್ನೂ ಹೊರಬೇಕು. ತಂತಿ ನೆಲದಡಿಗೆ ಹೋದರೆ ಖರ್ಚು ನಮ್ಮ ಕರೆಂಟು ಬಿಲ್ಲಿಗೂ ಬಂದೀತು. ಅದನ್ನು ಗೊಣಗದೆ ಕಟ್ಟುವೆವೆ? ಊರಿನ ಹಳೆಯ ಮನೆ ಉಳಿಯಬೇಕೆಂದರೆ ಹೆಂಚು ಕೈಯಾಡಿಸುವ ಕೂಲಿಗೆ ಹಣ ಕಳಿಸುವೆವೆ? ಕಳಿಸುವ ಮನಸ್ಸಿದ್ದರೆ ‘ಹೀಗೇ ಇರಲಿ’ ಎನ್ನುವ ಹಕ್ಕು ನಮಗುಂಟು. ಇಲ್ಲದಿದ್ದರೆ ನೋಡಿ ಸಂತೋಷಪಟ್ಟು, ಅಲ್ಲಿ ಬಾಳುವವರ ಮಾತಿಗೆ ಕಿವಿಗೊಡುವುದೇ ಮರ್ಯಾದೆ.