ಹಮಾಲಿಯ ಮಗಳು ಯಾವ ಕಾಲೇಜಿಗೆ ಹೋಗಬೇಕು?

ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವ ಗೆಳೆಯರೊಬ್ಬರು ಒಂದು ಸಂಜೆ ನಮ್ಮ ಹತ್ತಿರ ಬಂದರು. ಕೈಯಲ್ಲಿ ಬಣ್ಣಬಣ್ಣದ ಜಾಹೀರಾತಿನ ಕಾಗದ. ಮಗಳು ಎಸ್ಸೆಸ್ಸೆಲ್ಸಿ ಚೆನ್ನಾಗಿ ಪಾಸು ಮಾಡಿದ್ದಾಳೆ, ಡಾಕ್ಟರಾಗಬೇಕಂತೆ. ಯಲಹಂಕದ ಕಡೆ ಒಂದು 'ಇಂಟಿಗ್ರೇಟೆಡ್' ಕಾಲೇಜಿದೆ. ಪಿಯುಸಿ ಪಾಠ, ನೀಟ್ ಕೋಚಿಂಗ್ ಎರಡೂ ಒಂದೇ ಸೂರಿನಡಿ. ಕೇಳೋದು ಮಾತ್ರ ಲಕ್ಷಗಳಲ್ಲಿ. ಇನ್ನೊಂದು ಕಡೆ ಸರ್ಕಾರಿ ಪಿಯು ಕಾಲೇಜು.

"ಊರಲ್ಲಿರೋ ಒಂದೆಕರೆ ಮಾರಿಬಿಡ್ಲಾ ಮೇಷ್ಟ್ರೇ? ನೀವು ಓದಿದೋರು, ಒಂದು ಮಾತು ಹೇಳಿ" ಅಂದರು.

ಆ ಒಂದೆಕರೆ ಅವರಪ್ಪನಿಗೆ ಸರ್ಕಾರ ಮಂಜೂರು ಮಾಡಿದ್ದು. ಸರ್ಕಾರದ ಅನುಮತಿ ಇಲ್ಲದೆ ಅಂಥ ಜಮೀನು ಪರರ ಪಾಲಾಗಬಾರದು ಅಂತ 1978ರಲ್ಲಿ ಪಿಟಿಸಿಎಲ್ ಕಾನೂನೇ ಬಂತು. ಸಾಹುಕಾರನ ಕೈಯಿಂದ ಕಾನೂನು ಉಳಿಸಿಕೊಟ್ಟ ನೆಲವನ್ನು ಈಗ ಪರೀಕ್ಷೆಯೊಂದು ಕೇಳುತ್ತಿದೆ.

ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಯಾಕೆಂದರೆ ವೇದಿಕೆ ಹತ್ತಿ 'ಸರ್ಕಾರಿ ಶಾಲೆ ಉಳಿಸಿ' ಅಂತ ಕೂಗುವವರು ನಾವೇ. ನಮ್ಮಲ್ಲಿ ನೌಕರಿ ಸಿಕ್ಕವರ ಮಕ್ಕಳು ಯಲಹಂಕ, ಹೆಬ್ಬಾಳದ ಇಂಥ ಕಾಲೇಜುಗಳಲ್ಲೇ ಓದುತ್ತಿರುವುದೂ ನಿಜ. ಈ ಮಾತನ್ನು ಮುಚ್ಚಿಟ್ಟು ಮುಂದಿನದನ್ನು ಬರೆದರೆ ಅದು ಸುಳ್ಳಾಗುತ್ತದೆ.

ಮೊದಲು ವ್ಯವಸ್ಥೆ ಹೇಗಿದೆ ನೋಡೋಣ. ನಮ್ಮ ರಾಜ್ಯದಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿ ಅಂಕ ಅರ್ಧ. ಅಲ್ಲಿ ಎರಡು ವರ್ಷದ ಓದಿಗೆ ಇನ್ನೂ ಒಂದಿಷ್ಟು ಬೆಲೆಯಿದೆ. ಡಾಕ್ಟರಿಕೆಗೆ ಹಾಗಲ್ಲ. ಪಿಯುಸಿ ಅಂಕ ಬರೀ ಹೊಸ್ತಿಲು. ಸೀಟು ಕೊಡುವುದು ನೀಟ್ ಒಂದೇ. 180 ಪ್ರಶ್ನೆ, 180 ನಿಮಿಷ. ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಕಡಿತ. ನಿಮಿಷಕ್ಕೊಂದು ಪ್ರಶ್ನೆ ಬಿಡಿಸಲು ಬೇಕಾದದ್ದು ವಿಚಾರ ಮಾಡುವ ಬುದ್ಧಿಗಿಂತ ಹೆಚ್ಚಾಗಿ ಪಳಗಿದ ಕೈ. ಪಳಗಿಸುವುದಕ್ಕೆ ದುಡ್ಡು ಬೇಕು, ಬಿಡುವು ಬೇಕು. ಇವೆರಡೂ ಹಮಾಲಿಯ ಮನೆಯಲ್ಲಿಲ್ಲ.

'ಮೀಸಲಾತಿಯಿಂದ ಪ್ರತಿಭೆ ಸಾಯುತ್ತದೆ' ಅನ್ನುವ ಮಾತು ಈ ಊರಿಗೆ ಹೊಸದಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದಾಗ, ಇದರಿಂದ ಆಡಳಿತದ ದಕ್ಷತೆ ಕೆಡುತ್ತದೆ ಎಂದು ದಿವಾನ ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ. ಕೊನೆಗೆ ಪದವಿಯನ್ನೇ ಬಿಟ್ಟರು. ಪ್ರತಿಭೆ ಹುಟ್ಟಿನಿಂದ ಬರುವುದಾದರೆ ಅದಕ್ಕೆ ಎರಡು ವರ್ಷ ಲಕ್ಷಗಟ್ಟಲೆ ಸುರಿಯುವುದೇಕೆ? ಬೀದಿಬೀದಿಯ ಕೋಚಿಂಗ್ ಬೋರ್ಡುಗಳೇ ಸಾಕ್ಷಿ: ಪ್ರತಿಭೆ ಅನ್ನುವುದರಲ್ಲಿ ದೊಡ್ಡ ಪಾಲು ಕೊಂಡು ತಂದದ್ದು. ಏಕಲವ್ಯನಿಗೆ ಕಲಿತ ಮೇಲೆ ಹೆಬ್ಬೆರಳು ಕೇಳಿದರು. ಇವರು ಕಲಿಸುವ ಮುಂಚೆಯೇ ಕೇಳುತ್ತಾರೆ.

ದುಡ್ಡಿನ ಮಾತು ಹಾಗಿರಲಿ. ಹಣ ಇದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಇಂಥ ಕಡೆ ಓದುವ ಮಕ್ಕಳನ್ನು ನಾವು ಕಂಡಿದ್ದೇವೆ. ಬೆಳಗ್ಗೆ ಕತ್ತಲಲ್ಲಿ ಹೋದವರು ರಾತ್ರಿ ಕತ್ತಲಲ್ಲಿ ಬರುತ್ತಾರೆ. ಕನ್ನಡದ ಪಾಠ 'ಓಡಿಸಿಬಿಡೋ' ಪಾಠ. ವಾರವಾರ ಟೆಸ್ಟು, ಅಂಕದ ಮೇಲೆ ಬ್ಯಾಚು. ಮೇಲಿನ ಬ್ಯಾಚಿನವನು ಕೆಳಗಿನವನನ್ನು ನೋಡಿ ನಗುತ್ತಾನೆ, ಅವನು ತನಗಿಂತ ಕೆಳಗಿನವನನ್ನು ನೋಡಿ ಸಮಾಧಾನ ಪಡುತ್ತಾನೆ. ಅಂಬೇಡ್ಕರ್ ಶ್ರೇಣೀಕೃತ ಅಸಮಾನತೆ ಎಂದರಲ್ಲ, ಅದು ಹದಿನಾರು ವರ್ಷದ ಮಕ್ಕಳಿಗೆ ಇಲ್ಲಿ ದಿನಚರಿಯಾಗಿದೆ.

ಆರ್.ಟಿ. ನಗರದಲ್ಲೂ ಕೋಚಿಂಗ್ ಬೋರ್ಡುಗಳಿವೆ. ಆ ಬಡಾವಣೆಯ ಹೆಸರು ರವೀಂದ್ರನಾಥ ಟ್ಯಾಗೋರರದ್ದು. ಶಾಲೆಯ ಗೋಡೆ ಸಹಿಸದೆ ಓಡಿಬಂದು, 1901ರಲ್ಲಿ ಶಾಂತಿನಿಕೇತನದಲ್ಲಿ ಮರದಡಿ ಶಾಲೆ ತೆರೆದ ಮನುಷ್ಯ. ಪುಸ್ತಕದ ಹಾಳೆ ತುರುಕಿ ತುರುಕಿ ಗಿಣಿಯನ್ನು ಕೊಂದ ಕಥೆಯನ್ನು ಅವರು ಬರೆದದ್ದೂ 1918ರಲ್ಲೇ.

ಹಾಗಾದರೆ ಆ ತಂದೆಗೆ 'ಬೇಡ, ಅದು ಬಂಡವಾಳಶಾಹಿಯ ಬಲೆ' ಅಂದುಬಿಡೋಣವೇ? ನಮ್ಮ ಸಿದ್ಧಾಂತಕ್ಕೆ ಇನ್ನೊಬ್ಬರ ಮಗಳನ್ನು ಬಲಿ ಕೊಡುವ ಹಕ್ಕು ನಮಗಿಲ್ಲ. ಸರ್ಕಾರಿ ಕಾಲೇಜೇನು ಸ್ವರ್ಗವೂ ಅಲ್ಲ. ಉಪನ್ಯಾಸಕರಿಲ್ಲದ ತರಗತಿ, ಬೀಗ ಬಿದ್ದ ಲ್ಯಾಬು ನಾವೂ ನೋಡಿದ್ದೇವೆ. 'ಹೇಗಾದರೂ ಸೇರಿಸಿ' ಅನ್ನೋಣವೇ? ಆಗ ಒಂದೆಕರೆ ಹೋಗುತ್ತದೆ, ಸೀಟು ಸಿಗುವ ಖಾತರಿಯೂ ಇಲ್ಲ. ಸಿಕ್ಕರೂ ಒಬ್ಬಳು ಏಣಿ ಹತ್ತುತ್ತಾಳೆ, ಏಣಿ ಹಾಗೇ ಇರುತ್ತದೆ.

ನಮ್ಮ ಹಿರಿಯರು ಶಾಲೆಯ ಜಗಲಿಯ ಮೇಲೆ ಕೂತು, ಕಿಟಕಿಯಿಂದ ಪಾಠ ಕೇಳಿದವರು. ಒಳಗೆ ಕೂರುವ ಹಕ್ಕಿಗಾಗಿ ಒಂದು ತಲೆಮಾರೇ ಹೋರಾಡಿತು. ಅವರು ಕೇಳಿದ್ದು ಬರೀ ಸೀಟಲ್ಲ, ಎಲ್ಲರ ಪಕ್ಕ ಕೂರುವ ಜಾಗ. ಜಗಳ, ಗೆಳೆತನ, ಪದ್ಯ, ಚರಿತ್ರೆ, ಹಾಸ್ಟೆಲಿನ ರಾತ್ರಿಯ ಚರ್ಚೆ ಎಲ್ಲ ಅದರೊಳಗೇ ಇದ್ದವು. ನಮ್ಮ ಚಳವಳಿ ಬೆಳೆದದ್ದೂ ಅಂಥ ಹಾಸ್ಟೆಲುಗಳಲ್ಲಿ. ನಾಲ್ಕು ಉತ್ತರದಲ್ಲಿ ಒಂದಕ್ಕೆ ಮಸಿ ತುಂಬುವುದನ್ನಷ್ಟೇ ಕಲಿತವಳು, ಐದನೆಯ ಉತ್ತರವೊಂದು ಇರಬಹುದೆಂದು ಎಲ್ಲಿ ಕಲಿಯಬೇಕು?

ಆ ಸಂಜೆ ಕೊನೆಗೆ ನಾವು ಹೇಳಿದ್ದು ಇಷ್ಟು. ಜಮೀನು ಮುಟ್ಟಬೇಡಿ. ಮಗಳು ಸರ್ಕಾರಿ ಕಾಲೇಜಿಗೆ ಹೋಗಲಿ. 2012ರಿಂದ ನಮ್ಮ ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯವೇ ಇದೆ. ಯಲಹಂಕದಲ್ಲಿ ಮಾರುವ ಪಾಠ ಬೇರೆಯದಲ್ಲ. ಕಡಿಮೆ ಬಿದ್ದಿರುವುದು ಅಭ್ಯಾಸ. ಅದನ್ನು ಭಾನುವಾರ ನಾವು ಮಾಡಿಸುತ್ತೇವೆ. ನಮ್ಮಲ್ಲಿ ಭೌತಶಾಸ್ತ್ರ ಕಲಿಸುವವರಿದ್ದಾರೆ, ಜೀವಶಾಸ್ತ್ರ ಕಲಿಸುವವರಿದ್ದಾರೆ. ಇಲ್ಲದಿರುವುದು ಮನಸ್ಸು ಮಾತ್ರ.

ಭಾನುವಾರದ ಪಾಠದಿಂದಲೇ ಅನ್ಯಾಯ ಅಳಿಯುತ್ತದೆಂದು ನಾವು ನಂಬಿಲ್ಲ. ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದ ಮಕ್ಕಳಿಗೆ ವೈದ್ಯಕೀಯ ಸೀಟಿನಲ್ಲಿ ಶೇಕಡಾ 7.5 ಒಳಮೀಸಲಾತಿ ಕೊಟ್ಟಿತು. ನಮ್ಮ ವಿಧಾನಸಭೆ 2024ರ ಜುಲೈನಲ್ಲಿ ನೀಟ್ ಬೇಡವೆಂದು ನಿರ್ಣಯ ಮಾಡಿತು. ನಿರ್ಣಯದ ಕಾಗದ ಹಮಾಲಿಯ ಮಗಳಿಗೆ ಸೀಟು ಕೊಡುವುದಿಲ್ಲ. ಅದನ್ನು ಬೀದಿಯಲ್ಲಿ ನಿಂತು ಕೇಳಬೇಕಾದವರು ನಾವೇ.

ಗೆಳೆಯರು ಎಲ್ಲ ಕೇಳಿಸಿಕೊಂಡರು. ಕಾಗದ ಮಡಿಚಿ ಜೇಬಿಗಿಟ್ಟರು.

"ಆಗ್ಲಿ ಮೇಷ್ಟ್ರೇ, ಕಳಿಸ್ತೀನಿ. ನಿಮ್ಮ ಮಕ್ಕಳೂ ಇಲ್ಲಿಗೇ ಬರ್ತಾರಾ?"

ಈ ಪ್ರಶ್ನೆಗೆ ನಾವು ಇನ್ನೂ ಉತ್ತರ ಕೊಟ್ಟಿಲ್ಲ. ಓದುತ್ತಿರುವ ನೀವೂ ಮೇಷ್ಟ್ರೇ ಆಗಿದ್ದರೆ, ಇದು ನಿಮಗೂ ಕೇಳಿದ ಪ್ರಶ್ನೆ.