ಆನೆ ಸವರಿದ ಗಿಡ

ನರ್ಸರಿಗೆ ಹೋಗಿ ಜೇಡ್ ಗಿಡ ಕೊಡಿ ಎಂದರೆ ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಕೆಂಪು ಕಾಂಡದ, ಉಗುರಿನಷ್ಟು ಪುಟ್ಟ ದಪ್ಪನೆಯ ಎಲೆಗಳ ಗಿಡ. ನಿಜವಾದ ಜೇಡ್ ಕ್ರಾಸುಲಾ ಒವಾಟಾ; ಅದರ ಎಲೆ ಇನ್ನೂ ದೊಡ್ಡದು. ಇದು ಪೋರ್ಚುಲಕೇರಿಯಾ ಆಫ್ರಾ. ದಕ್ಷಿಣ ಆಫ್ರಿಕದ ಈಸ್ಟರ್ನ್ ಕೇಪ್ ಪ್ರಾಂತ್ಯದ ಕುರುಚಲು ಕಾಡಿನಲ್ಲಿ ಆಳೆತ್ತರ ಮೀರಿ ಬೆಳೆಯುತ್ತದೆ. ಅಲ್ಲಿಯವರಿಗೆ ಇದು ಸ್ಪೆಕ್‌ಬೂಮ್, ಆನೆಗಳಿಗೆ ಮೆಚ್ಚಿನ ಮೇವು.

ಬಾಲ್ಕನಿಯ ಕುಂಡದಲ್ಲಿರುವ ಈ ಗಿಡಕ್ಕೆ ಕತ್ತರಿ ಹಾಕಲು ಅನೇಕರಿಗೆ ಕೈ ಬರುವುದಿಲ್ಲ. ಬೆಳಕು ಸಾಲದೆ ಕಿಟಕಿಯತ್ತ ಚಾಚಿ, ಸೊರಗಿ, ತನ್ನ ಭಾರಕ್ಕೆ ತಾನೇ ಬಾಗಿದರೂ ಕೋಲು ಕಟ್ಟಿ ನಿಲ್ಲಿಸುತ್ತಾರೆ. ಆ ಮರುಕ ದೊಡ್ಡದು, ನಿಜ. ಆದರೆ ಸವರಿಸಿಕೊಂಡೇ ಬಾಳಲು ಕಲಿತ ಗಿಡವಿದು.

ಅದೇ ಈಸ್ಟರ್ನ್ ಕೇಪ್‌ನಲ್ಲಿ 1931ರಲ್ಲಿ ಅಡ್ಡೋ ಆನೆ ರಾಷ್ಟ್ರೀಯ ಉದ್ಯಾನ ಶುರುವಾದಾಗ ಅಲ್ಲಿ ಉಳಿದಿದ್ದ ಆನೆಗಳು ಬರೀ 11; ಈಗ ನೂರಾರು. ಆನೆ ಸ್ಪೆಕ್‌ಬೂಮನ್ನು ಮೇಲಿನಿಂದ ಮೇಯುತ್ತದೆ. ನೆತ್ತಿಯ ಕೊಂಬೆ ಮುರಿದು ತಿನ್ನುತ್ತದೆ, ಬುಡದ ಕೊಂಬೆಗಳ ತಂಟೆಗೆ ಹೋಗುವುದಿಲ್ಲ. ನೆಲಕ್ಕೆ ಒರಗಿದ ಆ ಕೊಂಬೆಗಳು ಬೇರು ಬಿಟ್ಟು ಹಬ್ಬುತ್ತವೆ. ಬಾಯಿಂದ ಜಾರಿ ಬಿದ್ದ ತುಂಡೂ ಅಲ್ಲೇ ಚಿಗುರುತ್ತದೆ. ಆಡು ಮೇಯುವುದು ಬುಡದಿಂದ. ಉಣ್ಣೆಗಾಗಿ ಸಾಕಿದ ಅಂಗೋರಾ ಆಡುಗಳು ಕೆಳಗಿನ ಕೊಂಬೆಗಳನ್ನೇ ಬೋಳಿಸಿದವು. ಬುಡದ ನೆರಳು ಹೋಯಿತು, ನೆಲ ಕಾದು ಬರಡಾಯಿತು, ಹೊಸ ಬೇರಿಗೆ ಕೊಂಬೆಯೇ ಉಳಿಯಲಿಲ್ಲ. ಹಾಗೆ ಹಾಳಾದ ಕಾಡು 10 ಲಕ್ಷ ಹೆಕ್ಟೇರಿಗೂ ಹೆಚ್ಚು.

ಕುಂಡದ ಗಿಡಕ್ಕೆ ನಾವು ಸಾಮಾನ್ಯವಾಗಿ ಮಾಡುವುದು ಆಡಿನ ಕೆಲಸ. ಮರದಂತೆ ಕಾಣಲಿ ಎಂದು ಮೊದಲು ಬುಡದ ಕೊಂಬೆಗಳನ್ನೇ ಕಿತ್ತು ಹಾಕುತ್ತೇವೆ, ತುದಿಯನ್ನು ಮಾತ್ರ ಜೋಪಾನ ಮಾಡುತ್ತೇವೆ. ಕಾಂಡ ಪೆನ್ಸಿಲಿನಷ್ಟೇ ಉಳಿಯುತ್ತದೆ, ತಲೆ ಭಾರವಾಗುತ್ತದೆ. ಬುಡವನ್ನು ದಪ್ಪ ಮಾಡುವುದು ಆ ಕೆಳಗಿನ ಕೊಂಬೆಗಳೇ. ಬೋನ್ಸಾಯ್ ಮಾಡುವವರು ಮುಂದೆ ಬೇಡವಾಗುವ ಕೊಂಬೆಯನ್ನೂ ಕಾಂಡ ಬಲಿಯುವ ತನಕ ಬಿಟ್ಟುಕೊಂಡಿರುವುದು ಇದಕ್ಕಾಗಿಯೇ.

ಕತ್ತರಿ ಬೇಕಾದದ್ದು ನೆತ್ತಿಗೆ. ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿಳಿಯುತ್ತಿರುವಷ್ಟು ಕಾಲ ಕೆಳಗಿನ ಮೊಗ್ಗುಗಳು ಮಲಗಿರುತ್ತವೆ. ಕುಡಿ ಹೋದರೆ ಏಳುತ್ತವೆ. ಕಾಂಡವನ್ನು ಹತ್ತಿರದಿಂದ ನೋಡಿದರೆ ಎಲೆಜೋಡಿ ಇದ್ದ ಕಡೆಯೆಲ್ಲ ಉಂಗುರದಂಥ ಗೆಣ್ಣು ಕಾಣುತ್ತದೆ. ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸಿದರೆ ಅದರ ಎರಡೂ ಪಕ್ಕದಿಂದ ಚಿಗುರು ಬರುತ್ತದೆ. ಉಳಿದ ಮೋಟು ಒಣಗಿ ತಾನೇ ಉದುರುತ್ತದೆ. ಇನ್ನೊಂದು ಸೊಗಸಿದೆ. ಒಂದು ಜೋಡಿ ಎಲೆ ಪೂರ್ವ ಪಶ್ಚಿಮಕ್ಕೆ ಮುಖ ಮಾಡಿದ್ದರೆ ಅದರ ಮೇಲಿನ ಜೋಡಿ ಉತ್ತರ ದಕ್ಷಿಣಕ್ಕೆ. ಹಾಗಾಗಿ ಯಾವ ಗೆಣ್ಣಿನ ಮೇಲೆ ಕತ್ತರಿಸುತ್ತೀರಿ ಎನ್ನುವುದರಲ್ಲೇ ಹೊಸ ಕೊಂಬೆ ಯಾವ ದಿಕ್ಕಿಗೆ ಹೋಗಬೇಕು ಎನ್ನುವುದೂ ತೀರ್ಮಾನವಾಗುತ್ತದೆ. ಕತ್ತರಿ ಹಿಡಿದು ಸುಮ್ಮನೆ ಗಿಡದ ಸುತ್ತ ನೋಡುತ್ತ ನಿಲ್ಲುವ ಆ ಹೊತ್ತೇ ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ. ಹೊಸ ಚಿಗುರು ನಾಲ್ಕಾರು ಜೋಡಿ ಎಲೆ ಬಿಟ್ಟ ಮೇಲೆ ಎರಡು ಜೋಡಿ ಉಳಿಸಿ ಮತ್ತೆ ಚಿವುಟಬೇಕು. ಪೊದೆ ತುಂಬುವುದು ಹಾಗೆ.

ಕಾಲವನ್ನೂ ನೋಡಬೇಕು. ಜಡಿಮಳೆಯ ದಿನಗಳಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಕತ್ತರಿಸಿದ ಗಾಯ ಕೊಳೆಯುತ್ತದೆ. ಬೆಂಗಳೂರಿನಂಥ ಕಡೆ ಚಳಿ ಕಳೆದು ಬಿಸಿಲು ಏರುವ ಫಾಲ್ಗುಣ, ಚೈತ್ರ ಒಳ್ಳೆಯದು. ಸವರಿದ ಮೇಲೆ ಗಾಯ ಒಣಗುವ ತನಕ ನೀರು ಬೇಡ. ಸವರುವುದಕ್ಕೆ ಹೆದರುವವರು ವಿಜಯಪುರದ ದ್ರಾಕ್ಷಿ ತೋಟಗಳನ್ನು ನೆನೆಯಬಹುದು: ಏಪ್ರಿಲ್ ಹೊತ್ತಿಗೊಮ್ಮೆ, ಅಕ್ಟೋಬರ್ ಹೊತ್ತಿಗೊಮ್ಮೆ ಚಾಟ್ನಿ, ಅಂದರೆ ಬಳ್ಳಿ ಸವರುವುದು, ಮಾಡದಿದ್ದರೆ ಅಲ್ಲಿ ಬೆಳೆಯೇ ಇಲ್ಲ.

ಸವರಿ ತೆಗೆದದ್ದು ಬರೀ ಕಸವಲ್ಲ; ಪೋರ್ಚುಲಕೇರಿಯಾದ ಎಲೆಯನ್ನು ಅದರ ನಾಡಿನಲ್ಲಿ ಜನರೂ ತಿನ್ನುತ್ತಾರೆ. ನೀರು ಉಳಿಸಬೇಕಾದಾಗ ಈ ಗಿಡ ಹಗಲು ಉಸಿರು ಬಿಗಿಹಿಡಿದು ರಾತ್ರಿ ಗಾಳಿ ಎಳೆದುಕೊಳ್ಳುತ್ತದೆ. ಅದನ್ನು ಆಮ್ಲವಾಗಿ ಕೂಡಿಡುವುದರಿಂದ ಬೆಳಗಿನ ಎಲೆ ಸಂಜೆಯದಕ್ಕಿಂತ ಹುಳಿ. ನರ್ಸರಿಯಿಂದ ಈಗಷ್ಟೇ ತಂದ ಗಿಡದ್ದನ್ನು ಬಾಯಿಗಿಡಬೇಡಿ, ಔಷಧಿ ಹೊಡೆದಿರಬಹುದು. ನಿಜವಾದ ಜೇಡ್ ಎಲೆಯನ್ನಂತೂ ತಿನ್ನಲೇಬಾರದು.

ಈಸ್ಟರ್ನ್ ಕೇಪ್‌ನಲ್ಲಿ ಬರಡಾದ ಗುಡ್ಡಗಳ ಮೇಲೆ ಈಗ ಕಾಡು ಮರಳಿ ಬೆಳೆಸುತ್ತಿರುವುದು ಕಡಿದ ಕೊಂಬೆಗಳಿಂದಲೇ. ಬೇರಿಲ್ಲದ ತುಂಡುಗಳನ್ನು ನೇರವಾಗಿ ನೆಲಕ್ಕೆ ಊರುತ್ತಾರೆ. ಮನೆಯಲ್ಲಿ ಸವರಿದ ತುಂಡುಗಳನ್ನೂ ನಾಲ್ಕಾರು ದಿನ ನೆರಳಿನಲ್ಲಿ ಆರಲು ಬಿಟ್ಟು, ಮರಳು ಬೆರೆಸಿದ ಮಣ್ಣಿಗೆ ಚುಚ್ಚಿ, ಒಂದು ವಾರ ನೀರು ಹಾಕದೆ ಇದ್ದರೆ ಸಾಕು, ಹಿಡಿದುಕೊಳ್ಳುತ್ತವೆ. ಹೆಚ್ಚಾದರೆ ಅಕ್ಕಪಕ್ಕದ ಮನೆಯವರಿಗೆ ಕೊಡಿ, ಎಲ್ಲಿಂದ ಸವರಬೇಕು ಎಂದು ತೋರಿಸಿ.