ಡಾಕ್ಟರರ ಚೀಟಿಯ ಮಾತು ತಿಳಿಯೋಣ



ಸೊಲ್ಲಾಪುರ, ಅಕ್ಕಲಕೋಟೆ ಭಾಗದ ನಮ್ಮ ಭಕ್ತರದು ಮೂರು ಭಾಷೆಯ ಬದುಕು. ಮನೆಯಲ್ಲಿ ಕನ್ನಡ, ದವಾಖಾನೆಯಲ್ಲಿ ಮರಾಠಿ, ಡಾಕ್ಟರರು ಬರೆದುಕೊಡುವ ಚೀಟಿ ಇಂಗ್ಲಿಷಿನಲ್ಲಿ. ವ್ಯವಹಾರಕ್ಕೆ ಇದರಿಂದ ಅಡ್ಡಿಯೇನಿಲ್ಲ. ಆದರೆ ತಂಬಾಕಿನಿಂದ ಬರುವ ರೋಗದಲ್ಲಿ ಒಂದು ಶಬ್ದ ತಪ್ಪಾಗಿ ತಿಳಿದರೂ ಪ್ರಾಣಕ್ಕೆ ಬರುತ್ತದೆ. ಅದಕ್ಕೆ ಅಂಥ ಐದು ಶಬ್ದಗಳ ಅರ್ಥವನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದು ಲ್ಯೂಕೊಪ್ಲೇಕಿಯಾ. ತಂಬಾಕಿಗೆ ಸುಣ್ಣ ತಿಕ್ಕಿ ದವಡೆಯಲ್ಲಿಡುವವರಿಗೆ, ಮಿಶ್ರಿ ಹಚ್ಚುವ ತಾಯಂದಿರಿಗೆ ಗಲ್ಲದ ಒಳಗೆ ಅಥವಾ ನಾಲಗೆಯ ಅಂಚಿನಲ್ಲಿ ಬಿಳಿ ಮಚ್ಚೆ ಕಾಣಬಹುದು. ಒರೆಸಿದರೆ ಹೋಗದು, ಹೆಚ್ಚಾಗಿ ನೋವೂ ಇರದು. ಡಾಕ್ಟರರು "ಇದು ಇನ್ನೂ ಕ್ಯಾನ್ಸರ್ ಅಲ್ಲ" ಎನ್ನುತ್ತಾರೆ. ಕೇಳಿದವರು "ಅಲ್ಲ" ಎಂಬುದನ್ನು ಮನೆಗೆ ತಂದು, "ಇನ್ನೂ" ಎಂಬುದನ್ನು ದವಾಖಾನೆಯಲ್ಲೇ ಬಿಟ್ಟುಬರುತ್ತಾರೆ. ಎಲ್ಲ ಮಚ್ಚೆಗಳೂ ಕ್ಯಾನ್ಸರ್ ಆಗುವುದಿಲ್ಲ. ಯಾವುದು ಆಗುತ್ತದೆಂದು ಕಣ್ಣಿಗೆ ತಿಳಿಯುವುದೂ ಇಲ್ಲ. ತಂಬಾಕು ಬಿಟ್ಟರೆ ಎಷ್ಟೋ ಮಚ್ಚೆಗಳು ಕುಗ್ಗುತ್ತವೆ. "ಇನ್ನೂ" ಎಂದರೆ ನಮಗೆ ಸಿಕ್ಕ ಸಮಯ.

ಎರಡನೆಯದು ಸಬ್‌ಮ್ಯೂಕಸ್ ಫೈಬ್ರೋಸಿಸ್. ಇದಕ್ಕೆ ಮುಖ್ಯ ಕಾರಣ ಗುಟ್ಕಾ, ಮಾವಾಗಳಲ್ಲಿನ ಅಡಿಕೆ. ಬಾಯಿಯ ಒಳಚರ್ಮ ನಾರಿನಂತೆ ಬಿಗಿಯುತ್ತದೆ, ಖಾರ ತಾಳದು, ಬಾಯಿ ಅಗಲಿಸಲು ಬಾರದು. ಮೂರು ಬೆರಳು ಒಂದರ ಮೇಲೊಂದು ಹಲ್ಲುಗಳ ನಡುವೆ ಹೋಗದಿದ್ದರೆ ಡಾಕ್ಟರರಿಗೆ ತೋರಿಸಿರಿ. ಗುಟ್ಕಾವನ್ನು ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿದವು. ಗಡಿಯ ಎರಡೂ ಕಡೆ ಕಾಯಿದೆ ಇದೆ. ಮನಸ್ಸಿನಲ್ಲೂ ನಿಷೇಧ ಬರಬೇಕು.

ಮೂರನೆಯದು ಬಯಾಪ್ಸಿ. ಇದು ರೋಗವಲ್ಲ, ಪರೀಕ್ಷೆ. ಮಚ್ಚೆಯ ಚಿಕ್ಕ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕತ್ತರಿ ತಾಗಿದರೆ ರೋಗ ಹಬ್ಬುತ್ತದೆಂಬ ಅಂಜಿಕೆ ಬೇಡ. ಹಬ್ಬುವುದು ತಡಮಾಡಿದ್ದರಿಂದ.

ನಾಲ್ಕನೆಯದು ಸಿಒಪಿಡಿ. ಬೀಡಿಯ ಹೊಗೆಯಿಂದ ಶ್ವಾಸನಾಳ ಇಕ್ಕಟ್ಟಾಗಿ ಕೆಮ್ಮು, ಕಫ, ದಮ್ಮು ಬರುತ್ತವೆ. "ವಯಸ್ಸಾಯಿತು" ಎಂದು ಸುಮ್ಮನಿರಬೇಡಿರಿ. ಹೋದ ಉಸಿರಿನ ಶಕ್ತಿ ಪೂರ್ತಿ ಮರಳದು; ಬೀಡಿ ಬಿಟ್ಟರೆ ಇದ್ದುದಾದರೂ ಉಳಿದೀತು.

ಐದನೆಯದು ನಿಕೋಟಿನ್. ಚಟ ಹಿಡಿಸುವುದು ಇದೇ. ಬಿಟ್ಟ ಮೊದಲ ವಾರ ಸಿಟ್ಟು, ಚಡಪಡಿಕೆ, ನಿದ್ದೆಗೇಡು ಇರುತ್ತವೆ. ಕೆಲವು ವಾರಗಳಲ್ಲಿ ಇಳಿಯುತ್ತವೆ. ಆಗ ಮನೆಯವರು ತಾಳಿಕೊಳ್ಳಬೇಕು. ಸಲಹೆಗೆ ಸರಕಾರದ ಉಚಿತ ಫೋನ್ 1800-11-2356 ಇದೆ.

ಬೀಡಿ ಕಟ್ಟುವ ತಾಯಂದಿರಿಗೂ ಒಂದು ಮಾತು. ಸೊಲ್ಲಾಪುರದ ಹತ್ತಿರ ಕುಂಭಾರಿಯಲ್ಲಿ ಬೀಡಿ ಕೆಲಸದವರಿಗಾಗಿಯೇ ಕಟ್ಟಿದ 10,000 ಮನೆಗಳು 2006ರಲ್ಲಿ ಕೈಸೇರಿದವು. ಎಷ್ಟು ಸಂಸಾರಗಳ ಅನ್ನ ಇದರಲ್ಲಿದೆಯೆಂಬುದಕ್ಕೆ ಅದೇ ಸಾಕ್ಷಿ. ನಿಮ್ಮ ದುಡಿಮೆಯನ್ನು ನಾವು ಹಳಿಯುವುದಿಲ್ಲ. ಆದರೆ ತಂಬಾಕಿನ ಧೂಳು ಉಸಿರಿನಿಂದಲೂ ಚರ್ಮದಿಂದಲೂ ಒಳಗಿಳಿಯುತ್ತದೆ. ಮೂಗಿಗೆ ಬಟ್ಟೆ ಕಟ್ಟಿರಿ, ಕೈ ತೊಳೆದೇ ಉಣ್ಣಿರಿ, ಕೂಸನ್ನು ಮೊರದಿಂದ ದೂರವಿಡಿರಿ.

ಇಷ್ಟಲಿಂಗವನ್ನು ಇಟ್ಟು ಪೂಜಿಸುವುದು ಎಡ ಅಂಗೈಯಲ್ಲಿ. ತಂಬಾಕು ತಿಕ್ಕುವುದೂ ಅದೇ ಅಂಗೈಯಲ್ಲಿ. ಎರಡಕ್ಕೂ ಅಲ್ಲಿ ಸ್ಥಳವಿಲ್ಲವೆಂದು ಹೇಳಲು ಪಂಡಿತರು ಬೇಕಿಲ್ಲ.

ಬರುವ ಸೋಮವಾರ ಪೂಜೆ ಮುಗಿಸಿ, ಕನ್ನಡಿ ಹಿಡಿದು ಬೆಳಕಿನಲ್ಲಿ ಬಾಯಿ ತೆರೆದು ನೋಡಿಕೊಳ್ಳಿರಿ. ಎರಡು ವಾರವಾದರೂ ಮಾಯದ ಮಚ್ಚೆ, ಹುಣ್ಣು ಇದ್ದರೆ ಹಲ್ಲಿನ ಡಾಕ್ಟರರ ಕಡೆ ಹೋಗಿರಿ. ಚೀಟಿಯ ಶಬ್ದ ತಿಳಿಯದಿದ್ದರೆ "ಇದರ ಅರ್ಥವೇನು?" ಎಂದು ಕೇಳದೆ ಎದ್ದುಬರಬೇಡಿರಿ. ಕೇಳುವುದರಲ್ಲಿ ನಾಚಿಕೆಯಿಲ್ಲ.